ಓದುಗರ ಪ್ರಶ್ನೆಗಳಿಗೆ ಉತ್ತರ: ಜಠರ ತನ್ನನ್ನೇ ಏಕೆ ಅರಗಿಸಿಕೊಳ್ಳುವುದಿಲ್ಲ?

ಪ್ರಶ್ನೆ: ಜೀರ್ಣಶಕ್ತಿಯನ್ನು ‘ಜಠರಾಗ್ನಿ’ ಎಂದು ಕರೆಯುವುದುಂಟು. ಹೊಟ್ಟೆಯೊಳಗಿನ ಬಿಸಿಗೆ ಆಹಾರ ನಿಜವಾಗಿಯೂ ಬೇಯುತ್ತದೆಯೇ?

ಉತ್ತರ: ಬೇಯುವುದಿಲ್ಲ. ದೇಹದೊಳಗಿನ ಉಷ್ಣತೆ ಸುಮಾರು 37 ಡಿಗ್ರಿ ಸೆಲ್ಸಿಯಸ್ ಮಾತ್ರ. ಅಷ್ಟು ಕಾವಿಗೆ ಯಾವುದೂ ಬೇಯಲಾರದು. ಹಾಗೆಂದು ಈ ಕಲ್ಪನೆಯನ್ನು ಹಗುರವಾಗಿ ಕಾಣಬೇಕಾಗಿಲ್ಲ. ಯುರೋಪಿನ ವೈದ್ಯರೂ ಶತಮಾನಗಳ ಕಾಲ ಜಠರವನ್ನು ಅಡುಗೆಯ ಪಾತ್ರೆಯೆಂದೇ ತಿಳಿದಿದ್ದರು. ಇನ್ನು ಕೆಲವರು ಅದು ಬೀಸುವ ಕಲ್ಲಿನಂತೆ ಕೆಲಸ ಮಾಡುತ್ತದೆ ಎಂದು ವಾದಿಸುತ್ತಿದ್ದರು. ಈ ವಾದಕ್ಕೆ ತೆರೆ ಬೀಳಲು ಒಂದು ಅಪಘಾತ ನೆರವಾಯಿತು.

1822ರಲ್ಲಿ ಅಮೆರಿಕದ ಮ್ಯಾಕಿನಾ ದ್ವೀಪದಲ್ಲಿ ಬಂದೂಕು ಅಕಸ್ಮಾತ್ತಾಗಿ ಸಿಡಿದು, ತುಪ್ಪಳ ವ್ಯಾಪಾರದವರಲ್ಲಿ ಕೂಲಿಯಾಗಿದ್ದ ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಎಂಬ ತರುಣನ ಎಡಪಕ್ಕೆಗೆ ದೊಡ್ಡ ಗಾಯವಾಯಿತು. ಸೇನಾ ವೈದ್ಯ ವಿಲಿಯಂ ಬೋಮಾಂಟ್ ಅವನನ್ನು ಉಳಿಸಿದರು. ಆದರೆ ಜಠರಕ್ಕೆ ಬಿದ್ದಿದ್ದ ರಂಧ್ರ ಮುಚ್ಚಿಕೊಳ್ಳದೆ ಚರ್ಮಕ್ಕೆ ಕೂಡಿಕೊಂಡು ಕಿಟಕಿಯಂತೆ ಉಳಿಯಿತು. 1825ರಲ್ಲಿ ಬೋಮಾಂಟ್ ಮಾಂಸದ ತುಂಡುಗಳನ್ನೂ ಬ್ರೆಡ್ಡನ್ನೂ ಎಲೆಕೋಸನ್ನೂ ರೇಷ್ಮೆ ದಾರಕ್ಕೆ ಕಟ್ಟಿ ಆ ರಂಧ್ರದ ಮೂಲಕ ಒಳಗೆ ಇಳಿಬಿಟ್ಟರು. ಒಂದು ಗಂಟೆಯ ಬಳಿಕ ದಾರವನ್ನು ಎಳೆದು ನೋಡಿದಾಗ ಕೋಸು ಮತ್ತು ಬ್ರೆಡ್ಡು ಅರ್ಧದಷ್ಟು ಕರಗಿದ್ದವು, ಮಾಂಸ ಹಾಗೆಯೇ ಇತ್ತು. ಅನಂತರ ಅವರು ಜಠರರಸವನ್ನು ಹೊರತೆಗೆದು ಗಾಜಿನ ಶೀಶೆಯಲ್ಲಿಟ್ಟು, ದೇಹದಷ್ಟೇ ಬೆಚ್ಚಗಿರಿಸಿ, ಅದರೊಳಗೆ ಮಾಂಸವನ್ನು ಹಾಕಿದರು. ಹೊಟ್ಟೆಯೊಳಗಿಗಿಂತ ಬಹಳ ನಿಧಾನವಾಗಿಯಾದರೂ ಅಲ್ಲಿಯೂ ಅದು ಕರಗಿತು. ಬೆಂಕಿಯೂ ಇಲ್ಲ, ಬೀಸುವ ಕಲ್ಲೂ ಇಲ್ಲ. ಕೆಲಸ ಮಾಡುತ್ತಿದ್ದುದು ರಸ. ಅನಕ್ಷರಸ್ಥನಾದ ಒಬ್ಬ ಬಡ ಕೂಲಿಯನ್ನು ಮನೆಯ ಆಳಾಗಿ ಇಟ್ಟುಕೊಂಡು ವರ್ಷಗಟ್ಟಲೆ ಪ್ರಯೋಗಕ್ಕೆ ಒಡ್ಡಿದ್ದು ಇಂದಿನ ಕಣ್ಣಿಗೆ ಒಪ್ಪುವಂಥದ್ದಲ್ಲ ಎಂಬುದನ್ನೂ ಇಲ್ಲಿಯೇ ಹೇಳಬೇಕು. ಸೇಂಟ್ ಮಾರ್ಟಿನ್ ತನ್ನ ವೈದ್ಯನಿಗಿಂತ ಹೆಚ್ಚು ಕಾಲ ಬದುಕಿ 1880ರಲ್ಲಿ ತೀರಿಕೊಂಡ.

ಪ್ರಶ್ನೆ: ಜಠರದ ಆಮ್ಲ ಮಾಂಸವನ್ನೂ ಕರಗಿಸುವುದಾದರೆ, ಮಾಂಸದಿಂದಲೇ ಆಗಿರುವ ಜಠರವನ್ನು ಅದು ಏಕೆ ಕರಗಿಸುವುದಿಲ್ಲ?

ಉತ್ತರ: ಮಾಂಸವನ್ನು ಅರಗಿಸುವ ಪೆಪ್ಸಿನ್ ಎಂಬ ಕಿಣ್ವವನ್ನು ಜಠರದ ಯಾವ ಜೀವಕೋಶವೂ ಸಿದ್ಧರೂಪದಲ್ಲಿ ತಯಾರಿಸುವುದಿಲ್ಲ. ಕೋಶಗಳೊಳಗೆ ತಯಾರಾಗುವುದು ಪೆಪ್ಸಿನೋಜೆನ್ ಎಂಬ ನಿಷ್ಕ್ರಿಯ ವಸ್ತು, ಅಂದರೆ ಒರೆಯಲ್ಲಿಟ್ಟ ಕತ್ತಿ. ಅದು ಹೊರಗೆ ಸುರಿದು, ಬೇರೆ ಕೋಶಗಳು ಸುರಿಸಿದ ಹೈಡ್ರೋಕ್ಲೋರಿಕ್ ಆಮ್ಲದೊಡನೆ ಬೆರೆತ ಮೇಲಷ್ಟೇ ಅದರ ಒಂದು ತುಣುಕು ಕಳಚಿಬಿದ್ದು ಪೆಪ್ಸಿನ್ ಆಗುತ್ತದೆ.

ಎರಡನೆಯ ರಕ್ಷಣೆ ಲೋಳೆಯದು. ಜಠರದ ಒಳಮೈಯನ್ನು ಒಂದು ಮಿಲಿಮೀಟರಿಗಿಂತಲೂ ತೆಳುವಾದ ಲೋಳೆಯ ಪದರ ಹೊದ್ದಿರುತ್ತದೆ, ಮತ್ತು ಅದರೊಳಗೆ ಕೋಶಗಳು ಸದಾ ಆಮ್ಲವನ್ನು ಶಮನ ಮಾಡುವ ಬೈಕಾರ್ಬನೇಟನ್ನು ಒಸರಿಸುತ್ತಿರುತ್ತವೆ. ಲೋಳೆಯ ಆಚೆ ಪಿಎಚ್ (ಆಮ್ಲೀಯತೆಯ ಅಳತೆ; ಅಂಕಿ ಕಡಿಮೆಯಾದಷ್ಟೂ ಆಮ್ಲೀಯತೆ ಹೆಚ್ಚು) 2ರ ಆಸುಪಾಸಿನಲ್ಲಿದ್ದರೆ ಈಚೆ, ಕೋಶಗಳ ಮೇಲ್ಮೈಯಲ್ಲಿ, ಅದು 7ರ ಹತ್ತಿರವಿರುತ್ತದೆ. ಅಂದರೆ ಆಮ್ಲೀಯತೆಯಲ್ಲಿ ಸುಮಾರು ಒಂದು ಲಕ್ಷ ಪಟ್ಟು ವ್ಯತ್ಯಾಸ, ಅದೂ ಕೂದಲೆಳೆಯಷ್ಟು ಅಂತರದಲ್ಲಿ. ಇಷ್ಟಾಗಿಯೂ ಒಂದಿಷ್ಟು ಕೋಶಗಳು ಸಾಯುತ್ತಲೇ ಇರುತ್ತವೆ, ಹೊಸವು ಹುಟ್ಟುತ್ತಲೇ ಇರುತ್ತವೆ. ಒಳಮೈಯ ಮೇಲ್ಪದರ ಕೆಲವೇ ದಿನಗಳಲ್ಲಿ ಪೂರ್ತಿ ಹೊಸದಾಗುತ್ತದೆ. ಆದ್ದರಿಂದ ಜಠರ ತನ್ನನ್ನು ಅರಗಿಸಿಕೊಳ್ಳುವುದಿಲ್ಲ ಎನ್ನುವುದಕ್ಕಿಂತ, ಸವೆದಷ್ಟನ್ನೂ ಕೂಡಲೇ ಕಟ್ಟಿಕೊಳ್ಳುತ್ತದೆ ಎನ್ನುವುದು ಹೆಚ್ಚು ಸರಿ.

ಈ ಲೆಕ್ಕ ತಪ್ಪಿದಾಗ ಹುಣ್ಣಾಗುತ್ತದೆ. ಆಸ್ಪಿರಿನ್‌ನಂಥ ನೋವು ನಿವಾರಕಗಳು ಲೋಳೆಯ ಉತ್ಪತ್ತಿಯನ್ನು ಕುಗ್ಗಿಸುವುದು ಒಂದು ಕಾರಣ. ಹೆಲಿಕೊಬ್ಯಾಕ್ಟರ್ ಪೈಲೊರಿ ಎಂಬ ಬ್ಯಾಕ್ಟೀರಿಯಾ ಇನ್ನೊಂದು. ಈ ಎರಡನೆಯದನ್ನು ತೋರಿಸಲು ಆಸ್ಟ್ರೇಲಿಯಾದ ವೈದ್ಯ ಬ್ಯಾರಿ ಮಾರ್ಷಲ್ 1984ರಲ್ಲಿ ಆ ಬ್ಯಾಕ್ಟೀರಿಯಾವನ್ನು ತಾವೇ ಕುಡಿದು ಜಠರದ ಉರಿಯೂತ ಬರಿಸಿಕೊಂಡರು. 2005ರಲ್ಲಿ ಅವರಿಗೂ ಸಹೋದ್ಯೋಗಿ ರಾಬಿನ್ ವಾರೆನ್ ಅವರಿಗೂ ನೊಬೆಲ್ ಪ್ರಶಸ್ತಿ ಬಂದಿತು. ಅನ್ನನಾಳಕ್ಕೆ ಇಂಥ ಗಟ್ಟಿ ಹೊದಿಕೆಯಿಲ್ಲ. ಆಮ್ಲ ಮೇಲಕ್ಕೆ ಚಿಮ್ಮಿದಾಗ ಎದೆಯುರಿ ಕಾಣುವುದು ಅದಕ್ಕಾಗಿಯೇ.

ಪ್ರಶ್ನೆ: ಜಠರವನ್ನು ಶಸ್ತ್ರಚಿಕಿತ್ಸೆಯಿಂದ ಪೂರ್ತಿ ತೆಗೆದುಹಾಕಿದ ಮೇಲೂ ಜನ ಬದುಕುತ್ತಾರೆಂದು ಓದಿದೆ. ಹಾಗಿದ್ದರೆ ಆಹಾರ ಜೀರ್ಣವಾಗುವುದಾದರೂ ಎಲ್ಲಿ?

ಉತ್ತರ: ಸಣ್ಣ ಕರುಳಿನಲ್ಲಿ. ಕನ್ನಡದಲ್ಲಿ ಜಠರವೂ ಹೊಟ್ಟೆ, ಕರುಳೂ ಹೊಟ್ಟೆ. ಬಹುಶಃ ಅದರಿಂದಾಗಿಯೇ ಕರುಳಿಗೆ ಸಲ್ಲಬೇಕಾದ ಮನ್ನಣೆಯೆಲ್ಲ ಜಠರಕ್ಕೆ ಸಂದುಬಿಟ್ಟಿದೆ. ಜಠರದ ಮುಖ್ಯ ಕೆಲಸ ಉಗ್ರಾಣದ್ದು: ಬಂದುದನ್ನು ಕೆಲವು ಗಂಟೆಗಳ ಕಾಲ ಇಟ್ಟುಕೊಂಡು, ಕಲಸಿ ಗಂಜಿಯಂತೆ ಮಾಡಿ, ಸ್ವಲ್ಪ ಸ್ವಲ್ಪವಾಗಿ ಮುಂದಕ್ಕೆ ಬಿಡುವುದು. ಜಠರವಿಲ್ಲದವರು ಸ್ವಲ್ಪ ಸ್ವಲ್ಪವನ್ನೇ ಹಲವು ಬಾರಿ ಉಣ್ಣಬೇಕಾಗುವುದು ಈ ಉಗ್ರಾಣ ಹೋದದ್ದರಿಂದ. ಬಿ12 ಜೀವಸತ್ವವನ್ನು ಹೀರಿಕೊಳ್ಳಲು ಬೇಕಾದ ಪ್ರೋಟೀನೊಂದು ಜಠರದಲ್ಲಿ ಮಾತ್ರ ತಯಾರಾಗುವುದರಿಂದ ಅವರು ಆ ಜೀವಸತ್ವವನ್ನು ಸಾಮಾನ್ಯವಾಗಿ ಚುಚ್ಚುಮದ್ದಿನ ಮೂಲಕ ಪಡೆಯಬೇಕಾಗುತ್ತದೆ.

ಆಮ್ಲ ಬೆರೆತ ಆಹಾರ ಸಣ್ಣ ಕರುಳಿನ ಮೊದಲ ಭಾಗಕ್ಕೆ ಇಳಿದೊಡನೆ ಕರುಳಿನ ಗೋಡೆ ಸೆಕ್ರೆಟಿನ್ ಎಂಬ ವಸ್ತುವನ್ನು ರಕ್ತಕ್ಕೆ ಬಿಡುತ್ತದೆ. ಅದು ರಕ್ತದೊಡನೆ ಸಾಗಿ ಮೇದೋಜೀರಕ ಗ್ರಂಥಿಯನ್ನು ತಲುಪಿದಾಗ, ಗ್ರಂಥಿಯು ಆಮ್ಲವನ್ನು ಶಮನ ಮಾಡುವ ಕ್ಷಾರೀಯ ರಸವನ್ನು ಸುರಿಸುತ್ತದೆ. 1902ರಲ್ಲಿ ಲಂಡನ್ನಿನಲ್ಲಿ ಬೇಲಿಸ್ ಮತ್ತು ಸ್ಟಾರ್ಲಿಂಗ್ ಎಂಬ ಶರೀರವಿಜ್ಞಾನಿಗಳು ಕರುಳಿನ ಒಂದು ತುಂಡಿಗೆ ಹೋಗುವ ನರಗಳನ್ನು ಕತ್ತರಿಸಿ, ಅದರೊಳಗೆ ಆಮ್ಲವನ್ನು ಬಿಟ್ಟು ನೋಡಿದರು. ನರಗಳ ಸಂಪರ್ಕ ತಪ್ಪಿದ್ದರೂ ಗ್ರಂಥಿ ರಸ ಸುರಿಸಿತು. ಹಾರ್ಮೋನೆಂದು, ಅಂದರೆ ರಕ್ತದ ಮೂಲಕ ಸಂದೇಶ ಒಯ್ಯುವ ವಸ್ತುವೆಂದು, ಗುರುತಿಸಲಾದ ಮೊದಲನೆಯದು ಈ ಸೆಕ್ರೆಟಿನ್ನೇ. ‘ಹಾರ್ಮೋನ್’ ಎಂಬ ಹೆಸರನ್ನು ಸ್ಟಾರ್ಲಿಂಗ್ ಬಳಸಿದ್ದು ಆಮೇಲೆ, 1905ರಲ್ಲಿ.

ಮೇದೋಜೀರಕ ಗ್ರಂಥಿಯ ರಸದಲ್ಲಿ ಪಿಷ್ಟ, ಪ್ರೋಟೀನು, ಕೊಬ್ಬು ಮೂರನ್ನೂ ಒಡೆಯುವ ಕಿಣ್ವಗಳಿವೆ. ಪ್ರೋಟೀನನ್ನು ಒಡೆಯುವವು ಇಲ್ಲಿಯೂ ಒರೆಯೊಳಗೇ ಬಂದು, ಕರುಳನ್ನು ಸೇರಿದ ಮೇಲೆ ಹರಿತವಾಗುತ್ತವೆ. ಅವು ಗ್ರಂಥಿಯೊಳಗೇ ಎಚ್ಚೆತ್ತುಕೊಂಡರೆ ಗ್ರಂಥಿ ನಿಜವಾಗಿಯೂ ತನ್ನನ್ನು ತಾನೇ ಅರಗಿಸಿಕೊಳ್ಳತೊಡಗುತ್ತದೆ. ಪ್ಯಾಂಕ್ರಿಯಾಟೈಟಿಸ್ ಎಂಬ ತೀವ್ರ ನೋವಿನ ಕಾಯಿಲೆ ಅದು. ಹಿಂದಿನ ಪ್ರಶ್ನೆಯನ್ನು ಕೇಳಿದವರ ಅಂಜಿಕೆ ಹೀಗೆ ಪಕ್ಕದ ಅಂಗದಲ್ಲಿ ನಿಜವಾಗುವುದುಂಟು. ಯಕೃತ್ತಿನಲ್ಲಿ ತಯಾರಾಗುವ ಪಿತ್ತರಸದಲ್ಲಿ ಕಿಣ್ವಗಳಿಲ್ಲ. ಎಣ್ಣೆಜಿಡ್ಡನ್ನು ಸಾಬೂನು ಬಿಡಿಸುವಂತೆ ಅದು ಕೊಬ್ಬನ್ನು ಸಣ್ಣ ಹನಿಗಳಾಗಿ ಒಡೆದು ಕಿಣ್ವಗಳ ಕೈಗೆ ಒಪ್ಪಿಸುತ್ತದೆ.

ಹೀರಿಕೊಳ್ಳುವ ಕೆಲಸ ಕರುಳಿನ ಮಡಿಕೆಗಳಿಗೂ, ಅವುಗಳ ಮೇಲೆ ಮಖಮಲ್ಲಿನ ನವಿರಿನಂತೆ ಎದ್ದು ನಿಂತಿರುವ ಲಕ್ಷಾಂತರ ಸೂಕ್ಷ್ಮ ಚಾಚಿಕೆಗಳಿಗೂ ಸೇರಿದ್ದು. ಇವೆಲ್ಲವನ್ನೂ ಹರಡಿದರೆ ಟೆನಿಸ್ ಅಂಗಳದಷ್ಟಾಗುತ್ತದೆ ಎಂಬ ಮಾತು ಪುಸ್ತಕದಿಂದ ಪುಸ್ತಕಕ್ಕೆ ಸಾಗಿಬಂದಿದೆ. ಇತ್ತೀಚಿನ ಅಳತೆಯ ಪ್ರಕಾರ ಅದು ಸುಮಾರು 30 ಚದರ ಮೀಟರು, ಬ್ಯಾಡ್ಮಿಂಟನ್ ಅಂಗಳದ ಅರ್ಧಕ್ಕೂ ಕಡಿಮೆ. ನಾವು ಕುಡಿದದ್ದು ಮತ್ತು ದೇಹವೇ ಸುರಿಸಿದ ರಸಗಳು ಸೇರಿ ದಿನಕ್ಕೆ ಸುಮಾರು 9 ಲೀಟರು ದ್ರವ ಕರುಳಿಗೆ ಬರುತ್ತದೆ. ಅದರ ಬಹುಪಾಲು ಸಣ್ಣ ಕರುಳಿನಲ್ಲಿಯೂ, ಉಳಿದದ್ದರಲ್ಲಿ ಹೆಚ್ಚಿನದು ದೊಡ್ಡ ಕರುಳಿನಲ್ಲಿಯೂ ರಕ್ತಕ್ಕೆ ಮರಳಿ, ಹೊರಹೋಗುವುದು 100ರಿಂದ 200 ಮಿಲಿಲೀಟರು ಮಾತ್ರ.

ಪ್ರಶ್ನೆ: ಹಸಿದಾಗ ಹೊಟ್ಟೆ ಗುರುಗುಟ್ಟುವುದೇಕೆ?

ಉತ್ತರ: ಹೊಟ್ಟೆ ತಾಳ ಹಾಕುತ್ತದೆ ಎನ್ನುವುದು ಬರಿಯ ಅಲಂಕಾರವಲ್ಲ, ಆ ತಾಳಕ್ಕೆ ಲಯವೂ ಇದೆ. ಜಠರ ಮತ್ತು ಸಣ್ಣ ಕರುಳು ಬರಿದಾಗಿರುವಾಗ ಸುಮಾರು 90ರಿಂದ 120 ನಿಮಿಷಗಳಿಗೊಮ್ಮೆ ಬಲವಾದ ಸಂಕೋಚನದ ಅಲೆಯೊಂದು ಜಠರದಿಂದ ಹೊರಟು ಕರುಳಿನುದ್ದಕ್ಕೂ ಸಾಗಿ, ಉಳಿದ ಚೂರುಪಾರು, ಲೋಳೆ, ಬ್ಯಾಕ್ಟೀರಿಯಾಗಳನ್ನು ಪೊರಕೆ ಹಿಡಿದಂತೆ ಮುಂದಕ್ಕೆ ಗುಡಿಸುತ್ತದೆ. ಆಗ ಒಳಗಿನ ಗಾಳಿ ಮತ್ತು ದ್ರವ ಒಟ್ಟಿಗೆ ತಳ್ಳಲ್ಪಟ್ಟು ಸದ್ದಾಗುತ್ತದೆ. ಉಂಡ ಮೇಲೂ ಸದ್ದಿರುತ್ತದೆಯಾದರೂ ಒಳಗೆ ತುಂಬಿಕೊಂಡಿರುವ ಆಹಾರ ಅದನ್ನು ಅಡಗಿಸುತ್ತದೆ. ಊಟ ಆರಂಭವಾಯಿತೆಂದರೆ ಈ ಗುಡಿಸುವ ಅಲೆ ನಿಂತು, ಕಲಸುವ ಚಲನೆ ಶುರುವಾಗುತ್ತದೆ.