ಚಿಗುರು ಬಂತು ಅಂದರೆ ಬೇರು ಬಂತು ಅಂತಲ್ಲ

ನಿಮ್ಮ ಪ್ರಶ್ನೆ ಓದಿದೆ. ಬೋನ್ಸಾಯ್ ಮಾಡಬೇಕು ಅಂತ ಐದು ವಾರದ ಹಿಂದೆ ಒಂದು ಹಳೇ ಬೋಗನ್‌ವಿಲ್ಲಾ ಬುಡ ಅಗೆದು ತಂದಿದ್ದೀರಿ. ತೋಳಿನಷ್ಟು ದಪ್ಪ ಬುಡ, ಬೇರು ಮಾತ್ರ ಹೆಚ್ಚೇನೂ ಉಳಿದಿರಲಿಲ್ಲ. ಮೂರನೇ ವಾರಕ್ಕೆ ಚಿಗುರು ಒಡೆಯಿತು, ಖುಷಿಯಾಗಿ ಬಿಸಿಲಿಗೆ ಇಟ್ಟಿರಿ, ಸ್ವಲ್ಪ ಗೊಬ್ಬರವನ್ನೂ ಕೊಟ್ಟಿರಿ. ಈಗ ಚಿಗುರೆಲ್ಲ ಜೋತು ಬಿದ್ದಿದೆ, ನೀರು ಹಾಕಿದರೂ ಏಳುತ್ತಿಲ್ಲ. ಬೇರು ಬರಿಸೋಕೆ ಏನು ಹಾಕಬೇಕು ಅಂತ ಕೇಳಿದ್ದೀರಿ.

ಇವತ್ತೇ ಮಾಡಬೇಕಾದ್ದನ್ನು ಮೊದಲು ಹೇಳಿಬಿಡುತ್ತೇನೆ, ಕಾರಣ ಆಮೇಲೆ. ಗಿಡವನ್ನು ಬಿಸಿಲಿನಿಂದ ತೆಗೆದು ಒಳ್ಳೆ ಬೆಳಕಿರುವ ನೆರಳಿಗೆ ಇಡಿ. ಗಾಳಿ ಬೀಸುವ ಜಾಗ ಬೇಡ. ಗೊಬ್ಬರ ಮೇಲೆ ಕಾಣುತ್ತಿದ್ದರೆ ಕೆರೆದು ತೆಗೆಯಿರಿ, ಕುಂಡದ ತೂತಿನಿಂದ ಧಾರಾಳವಾಗಿ ಹರಿದು ಹೋಗುವಷ್ಟು ಬರೀ ನೀರು ಒಮ್ಮೆ ಹಾಕಿ, ಆಮೇಲೆ ಮೇಲಿನ ಮಣ್ಣು ಒಣಗುವವರೆಗೆ ಮತ್ತೆ ನೀರು ಬೇಡ. ನೀರು ಇಳಿದ ಮೇಲೆ ಇಡೀ ಗಿಡಕ್ಕೆ ಒಂದು ದೊಡ್ಡ ತೆಳು ಪ್ಲಾಸ್ಟಿಕ್ ಚೀಲ ಹೊದಿಸಿ. ಒಳಗೆ ಬೇರು ಬಂದಿದೆಯಾ ನೋಡೋಣ ಅಂತ ಎತ್ತಿ ಮಾತ್ರ ನೋಡಬೇಡಿ, ದಯವಿಟ್ಟು.

ಈಗ ಕಾರಣ. ನೀವು ನೋಡಿದ ಚಿಗುರು ಬೇರಿನಿಂದ ಬಂದದ್ದಲ್ಲ. ದಪ್ಪ ಬುಡದೊಳಗೆ ಮರ ತನಗಾಗಿ ಪಿಷ್ಟ, ಸಕ್ಕರೆ, ನೀರು ಎಲ್ಲ ಕೂಡಿಟ್ಟಿರುತ್ತದೆ. ಕಡಿದು ಮೂಲೆಗೆ ಹಾಕಿದ ಕೊಂಬೆ ಕೂಡ ಕೆಲವು ದಿನ ಬಿಟ್ಟು ಚಿಗುರುವುದನ್ನು ನೀವೂ ನೋಡಿರಬಹುದು, ಅದಕ್ಕೆ ಬೇರೇ ಇಲ್ಲ ಅಲ್ವಾ. ಇಲ್ಲೂ ಅದೇ ಆಗಿದೆ. ಮೊದಲ ಚಿಗುರು ಕೂಡಿಟ್ಟದ್ದನ್ನು ಖರ್ಚು ಮಾಡಿ ಹೊರಗೆ ಬರುತ್ತದೆ, ಎಲೆ ಬಿಚ್ಚಿದ ಕೂಡಲೇ ಪ್ರತಿ ಎಲೆಯಿಂದಲೂ ನೀರು ಆವಿಯಾಗಿ ಹೋಗತೊಡಗುತ್ತದೆ, ಆದರೆ ಆ ನೀರನ್ನು ಕೆಳಗಿನಿಂದ ಎಳೆದು ಕೊಡೋಕೆ ಇನ್ನೂ ಯಾರೂ ಇಲ್ಲ. ಮಣ್ಣು ಒದ್ದೆಯೇ ಇದೆ, ಗಿಡ ಮಾತ್ರ ಬಾಯಾರಿ ಬಾಡುತ್ತಿದೆ. ಇನ್ನಷ್ಟು ನೀರು ಹಾಕಿದರೆ ಏಳುವುದಿಲ್ಲ, ಬದಲಿಗೆ ಬುಡ ಕೊಳೆಯುತ್ತದೆ. ಅಗೆದು ತಂದ ಮರಗಳು ಜಾಸ್ತಿ ಸಾಯುವುದು ಈ ಘಟ್ಟದಲ್ಲೇ, ಅದೂ ಒಡೆಯ ಖುಷಿಯಲ್ಲಿರುವಾಗ.

ದಪ್ಪ ಬೇರು ಇತ್ತಲ್ಲ ಅಂತ ನಿಮಗೆ ಅನ್ನಿಸಬಹುದು. ದಪ್ಪ ಬೇರಿನ ಕೆಲಸ ಮರವನ್ನು ಹಿಡಿದು ನಿಲ್ಲಿಸುವುದು, ಆಹಾರ ಕೂಡಿಡುವುದು. ನೀರು ಕುಡಿಯುವುದು ತುದಿಯಲ್ಲಿರುವ ಕೂದಲಿನಂಥ ಎಳೆ ಬೇರುಗಳು, ಮತ್ತೆ ಅವುಗಳ ಮೇಲಿನ ಇನ್ನೂ ಸಣ್ಣ ರೋಮಗಳು. ನೆಲದಲ್ಲಿ ಬೆಳೆದ ಮರಕ್ಕೆ ಅವು ಬುಡದಿಂದ ಎಷ್ಟೋ ದೂರ ಹೋಗಿ ಹರಡಿಕೊಂಡಿರುತ್ತವೆ. ನಾವು ಗುದ್ದಲಿ ಹಾಕಿದಾಗ ಅಲ್ಲೇ ನೆಲದಲ್ಲಿ ಉಳಿದುಬಿಡುತ್ತವೆ. ಬೋಗನ್‌ವಿಲ್ಲಾದ ಎಳೆ ಬೇರಂತೂ ತುಂಬಾ ಮೆದು, ಕೈ ತಾಗಿದರೆ ಮುರಿಯುತ್ತದೆ.

ನನಗೂ ಇದೇ ಆಗಿತ್ತು. ನಾನು ಅಗೆದು ತಂದ ಮೊದಲ ಮರವೂ ಬೋಗನ್‌ವಿಲ್ಲಾನೇ. ಚಿಗುರಿತು, ಬಾಡಿತು, ತಡೆಯಲಾಗದೆ ಎತ್ತಿ ನೋಡಿದೆ. ಒಂದು ಬೇರೂ ಇರಲಿಲ್ಲ. ಆದರೆ ಕತ್ತರಿಸಿದ ಬೇರಿನ ಅಂಚಿನಲ್ಲಿ, ತೊಗಟೆಗೂ ಕಟ್ಟಿಗೆಗೂ ನಡುವೆ, ಸುತ್ತಲೂ ಬಿಳೀ ಗುಳ್ಳೆಗಳ ಹಾಗೆ ಏನೋ ಉಬ್ಬಿತ್ತು. ಗಾಯ ಮಾಯುವಾಗ ಬರುವ ಅಂಗಾಂಶ ಅದು, ಹೊಸ ಬೇರು ಹೊರಡುವುದು ಹೆಚ್ಚಾಗಿ ಅದರ ಆಸುಪಾಸಿನಲ್ಲೇ. ನಾನು ಎತ್ತಿದಾಗ ಅರ್ಧ ಉದುರಿ ಹೋಯಿತು. ಮತ್ತೆ ನೆಟ್ಟೆ, ಆದರೆ ಅದಕ್ಕೆ ಎರಡನೇ ಸಲ ಶುರು ಮಾಡುವ ಶಕ್ತಿ ಉಳಿದಿರಲಿಲ್ಲ. ಇನ್ನು ಎರಡು ವಾರ ಸುಮ್ಮನೆ ಬಿಟ್ಟಿದ್ದರೆ ಬದುಕುತ್ತಿತ್ತು ಅಂತ ಇವತ್ತಿಗೂ ಅನ್ನಿಸುತ್ತದೆ. ಅದಕ್ಕೇ ನಿಮಗೆ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಮಣ್ಣಿನ ವಿಷಯ ನೀವು ಬರೆದಿಲ್ಲ, ನಿಜವಾಗಿ ನೋಡಿದರೆ ಅರ್ಧ ಉತ್ತರ ಅದರಲ್ಲೇ ಇದೆ. ಬೇರಿಗೆ ನೀರಿನಷ್ಟೇ ಗಾಳಿಯೂ ಬೇಕು. ತೋಟದ ಮಣ್ಣನ್ನು ಕುಂಡಕ್ಕೆ ತುಂಬಿದರೆ ಅದು ಗಟ್ಟಿಯಾಗಿ ಕೂರುತ್ತದೆ, ಗಾಳಿ ಓಡಾಡುವ ಸಂದುಗಳೆಲ್ಲ ನೀರಿನಿಂದ ಮುಚ್ಚಿಹೋಗುತ್ತವೆ. ಇನ್ನೊಂದು ವಿಷಯ, ಯಾವ ಕುಂಡದಲ್ಲೇ ಆಗಲಿ, ಎಷ್ಟೇ ತೂತಿರಲಿ, ತಳದಲ್ಲಿ ಒಂದು ಪದರ ಯಾವಾಗಲೂ ನೀರು ಹಿಡಿದುಕೊಂಡೇ ಇರುತ್ತದೆ. ಮಣ್ಣಿನ ಕಣ ಸಣ್ಣದಾದಷ್ಟೂ ಆ ಪದರ ಎತ್ತರ. ತಳಕ್ಕೆ ಜಲ್ಲಿ ಹಾಕಿದರೆ ಪದರ ಹೋಗುವುದಿಲ್ಲ, ಜಲ್ಲಿಯ ಮೇಲಕ್ಕೆ ಬಂದು ಕೂರುತ್ತದೆ ಅಷ್ಟೇ. ಹಾಗಾಗಿ ಇಡೀ ಕುಂಡಕ್ಕೆ ಒಂದೇ ಅಳತೆಯ, 3ರಿಂದ 6 ಮಿಲಿಮೀಟರ್‌ನ ಹರಳು ಹಾಕುವುದು ಒಳ್ಳೆಯದು. ಪ್ಯೂಮಿಸ್ ಅನ್ನುವ ತೂತು ತೂತಾದ ಹಗುರ ಜ್ವಾಲಾಮುಖಿ ಕಲ್ಲು ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ, ಒಳಗೆ ನೀರು ಹಿಡಿಯುತ್ತದೆ, ಸುತ್ತ ಗಾಳಿ ಬಿಡುತ್ತದೆ. ಇಲ್ಲದಿದ್ದರೆ ಲಾವಾ ಕಲ್ಲಿನ ಚೂರು, ದಪ್ಪ ಪರ್ಲೈಟ್ (ಹಗುರವಾದ ಬಿಳೀ ಹರಳು), ಒಡೆದ ಇಟ್ಟಿಗೆ ಚೂರು, ಏನಾದರೂ ಸರಿ. ಯಾವುದೇ ಆದರೂ ಜರಡಿ ಹಿಡಿದು ಪುಡಿ ತೆಗೆಯಿರಿ. ಆ ಪುಡಿಯೇ ಎಲ್ಲ ಸಂದುಗಳನ್ನೂ ಮುಚ್ಚುವುದು.

ಹಾಗಾದರೆ ಈಗ ಮಣ್ಣು ಬದಲಿಸಲಾ ಅಂತ ಕೇಳುತ್ತೀರಿ. ಕಷ್ಟದ ಪ್ರಶ್ನೆ. ತಳದ ತೂತಿನ ಹತ್ತಿರ ಮೂಗಿಟ್ಟು ನೋಡಿ. ಕೊಳೆತ ವಾಸನೆ ಬಂದರೆ, ಅಥವಾ ನೀರು ಮೇಲೇ ನಿಂತು ಇಳಿಯದಿದ್ದರೆ, ಬದಲಿಸಲೇಬೇಕು, ಯಾಕೆಂದರೆ ಅಲ್ಲಿ ಬೇರು ಬರುವುದೇ ಇಲ್ಲ. ಆಗ ಕುಂಡವನ್ನು ಓರೆ ಮಾಡಿ ಮಣ್ಣು ತಾನಾಗಿ ಸಡಿಲವಾಗಿ ಬರಲಿ, ಮೆತ್ತಗಾದ ಬೇರಿದ್ದರೆ ಗಟ್ಟಿ ಕಟ್ಟಿಗೆ ಸಿಗುವವರೆಗೆ ಹರಿತವಾದ ಚಾಕುವಿನಿಂದ ಕತ್ತರಿಸಿ. ಜಜ್ಜಿದ ಗಾಯ ಕೊಳೆಯುತ್ತದೆ, ನುಣುಪಾದ ಗಾಯದಿಂದ ಬೇರು ಬರುತ್ತದೆ. ವಾಸನೆ ಇಲ್ಲ, ನೀರು ಸರಾಗವಾಗಿ ಇಳಿಯುತ್ತಿದೆ ಅಂದರೆ ಮಣ್ಣು ಅಷ್ಟೇನೂ ಚೆನ್ನಾಗಿಲ್ಲದಿದ್ದರೂ ಹಾಗೇ ಬಿಡಿ. ಕುಂಡ ತೀರಾ ದೊಡ್ಡದಿದ್ದರೂ ತೊಂದರೆಯೇ, ಬೇರು ಮುಟ್ಟದ ಮಣ್ಣು ಒಣಗುವುದೇ ಇಲ್ಲ. ಮುಂದಿನ ಸಲ ಬುಡಕ್ಕಿಂತ ಸುತ್ತಲೂ ಎರಡು ಮೂರು ಬೆರಳು ಅಗಲ ಇದ್ದರೆ ಸಾಕು.

ಮತ್ತೆ, ಬುಡ ಅಲ್ಲಾಡುತ್ತಿದೆಯಾ? ಮೆಲ್ಲಗೆ ಬೆರಳಿಂದ ತಳ್ಳಿ ನೋಡಿ. ಹೊಸ ಬೇರು ಹೊರಟಾಗ ನೂಲಿಗಿಂತ ತೆಳ್ಳಗಿರುತ್ತದೆ, ಗಾಳಿಗೆ ಮರ ಒಂದು ಕೂದಲಷ್ಟು ಅಲ್ಲಾಡಿದರೂ ತುಂಡಾಗುತ್ತದೆ. ತುಂಡಾದದ್ದು ನಿಮಗೆ ಗೊತ್ತೂ ಆಗುವುದಿಲ್ಲ. ಕುಂಡದ ಅಂಚಿಗೋ ತಳದ ತೂತಿಗೋ ತಂತಿ ಅಥವಾ ದಾರ ಕಟ್ಟಿ ಬುಡವನ್ನು ಬಿಗಿ ಮಾಡಿ, ತೊಗಟೆಗೆ ಏಟಾಗದ ಹಾಗೆ ನಡುವೆ ರಬ್ಬರ್ ತುಂಡು ಇಡಿ. ಐದು ನಿಮಿಷದ ಕೆಲಸ. ಬೇರು ಬರಿಸುವ ಹಾರ್ಮೋನ್ ಪುಡಿಗಿಂತ ಇದರಿಂದ ಜಾಸ್ತಿ ಮರ ಉಳಿದಿವೆ ಅಂತ ನಾನು ಧೈರ್ಯವಾಗಿ ಹೇಳುತ್ತೇನೆ.

ಚೀಲ ಯಾಕೆ ಅಂದರೆ, ಒಳಗೆ ಗಾಳಿ ತೇವವಾಗಿದ್ದರೆ ಎಲೆಯಿಂದ ನೀರು ಹೋಗುವುದು ಕಡಿಮೆಯಾಗುತ್ತದೆ. ಬೇರು ಬರುವವರೆಗೆ ಗಿಡಕ್ಕೆ ಸಮಯ ಸಿಗುತ್ತದೆ. ಚೀಲ ಎಲೆಗೆ ಅಂಟದ ಹಾಗೆ ನಾಲ್ಕು ಕಡ್ಡಿ ಚುಚ್ಚಿ. ನೇರ ಬಿಸಿಲು ಬಿದ್ದರೆ ಒಳಗೆಲ್ಲ ಬೆಂದು ಹೋಗುತ್ತದೆ, ಅದೊಂದು ಎಚ್ಚರ. ಎರಡು ದಿನಕ್ಕೊಮ್ಮೆ ತೆರೆದು ಸ್ವಲ್ಪ ಹೊತ್ತು ಗಾಳಿ ಆಡಿಸಿ, ಬೂಷ್ಟು ಹಿಡಿದ ಎಲೆ ಇದ್ದರೆ ತೆಗೆಯಿರಿ. ಚೀಲದೊಳಗೆ ಮಣ್ಣು ಬೇಗ ಒಣಗುವುದಿಲ್ಲ, ಹಾಗಾಗಿ ವಾರಗಟ್ಟಲೆ ನೀರೇ ಬೇಡವಾಗಬಹುದು. ಅನುಮಾನ ಬಂದರೆ ಒಂದು ಒಣ ಮರದ ಕಡ್ಡಿಯನ್ನು ಕುಂಡದ ಅಂಚಿನಲ್ಲಿ ಆಳಕ್ಕೆ ಚುಚ್ಚಿ ಹತ್ತು ನಿಮಿಷ ಬಿಟ್ಟು ತೆಗೆದು ನೋಡಿ. ಕಪ್ಪಗೆ ಒದ್ದೆಯಾಗಿದ್ದರೆ ನೀರು ಬೇಡ. ಚಳಿ ಇದ್ದರೆ ಕುಂಡದ ತಳ ಸ್ವಲ್ಪ ಬೆಚ್ಚಗಿರುವ ಜಾಗ ಹುಡುಕಿ. ಬೋಗನ್‌ವಿಲ್ಲಾದಂಥ ಬೆಚ್ಚನೆಯ ನಾಡಿನ ಗಿಡಕ್ಕೆ ಮಣ್ಣು 25 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿದ್ದರೆ ಬೇರು ಚುರುಕಾಗಿ ಬರುತ್ತದೆ, ತಣ್ಣನೆಯ ಒದ್ದೆ ಮಣ್ಣಿನಲ್ಲಿ ಏನೂ ಬರುವುದಿಲ್ಲ.

ಇನ್ನು ನೀವು ಕೇಳಿದ್ದು, ಏನು ಹಾಕಬೇಕು ಅಂತ. ಈಗ ಏನೂ ಹಾಕಬೇಡಿ. ಬೇರು ಬರಿಸುವ ಪುಡಿಯಲ್ಲಿ ಇರುವುದು ಹೆಚ್ಚಾಗಿ ಇಂಡೋಲ್ ಬ್ಯುಟೈರಿಕ್ ಆಮ್ಲ, ಅದನ್ನು ನೆಡುವ ಮೊದಲು ಹಸಿ ಗಾಯಕ್ಕೆ ಸವರಬೇಕು. ಆಗ ಉಪಯೋಗ ಇದೆ. ಈಗ ಮಣ್ಣಿನ ಮೇಲೆ ಉದುರಿಸುವುದರಲ್ಲಿ ಅರ್ಥವಿಲ್ಲ. ವಿಟಮಿನ್ ಬಿ1 ಹಾಕಿ ಅಂತ ತುಂಬಾ ಜನ ಹೇಳುತ್ತಾರೆ. ಕಿತ್ತು ನೆಟ್ಟ ಗಿಡಕ್ಕೆ ಅದರಿಂದ ಲಾಭ ಇಲ್ಲ, ಹಸಿರೆಲೆ ಇರುವ ಗಿಡ ಅದನ್ನು ತಾನೇ ಮಾಡಿಕೊಳ್ಳುತ್ತದೆ. ಗೊಬ್ಬರ ಹಾಕಿದರೆ ಕೆಡುಕೇ ಜಾಸ್ತಿ, ಉಪ್ಪಿನಂಶ ಹೆಚ್ಚಾದ ಮಣ್ಣಿನಿಂದ ನೀರು ಎಳೆಯುವುದು ಎಳೆ ಬೇರಿಗೆ ಇನ್ನೂ ಕಷ್ಟ.

ಬೇರು ಬಾ ಅಂತ ಕರೆಯುವ ಹಾರ್ಮೋನ್ ಮರದಲ್ಲೇ ಇದೆ. ಚಿಗುರಿನ ತುದಿಯಲ್ಲಿ ಆಕ್ಸಿನ್ ಅನ್ನುವ ಈ ಹಾರ್ಮೋನ್ ತಯಾರಾಗಿ ಕೆಳಗೆ ಇಳಿದು ಬರುತ್ತದೆ, ಎಲೆ ಮಾಡಿದ ಸಕ್ಕರೆಯೂ ಜೊತೆಗೆ ಇಳಿಯುತ್ತದೆ. ಆದ್ದರಿಂದ ಆಕಾರ ಕೊಡೋಣ ಅಂತ ಚಿಗುರಿನ ತುದಿ ಚಿವುಟಬೇಡಿ. ಎಲ್ಲಿ ಬೇಕಾದರೂ ಬೆಳೆಯಲಿ, ವಿಕಾರವಾಗಿಯೇ ಕಾಣಲಿ. ಚೀಲದೊಳಗೆ ಮೂರು ನಾಲ್ಕು ದಿನ ಇಟ್ಟ ಮೇಲೂ ಜೋತು ಬಿದ್ದೇ ಇದ್ದರೆ ದೊಡ್ಡ ಎಲೆಗಳನ್ನು ಮಾತ್ರ ಅರ್ಧಕ್ಕೆ ಕತ್ತರಿಸಿ, ತುದಿಯ ಕುಡಿ ಬಿಡಿ. ಒಣಗಿ ಗರಿಗರಿಯಾದ ಚಿಗುರು ಹೋಯಿತು ಅಂತಲೇ ಲೆಕ್ಕ, ಆದರೆ ಮರ ಹೋಯಿತು ಅಂತಲ್ಲ. ಉಗುರಿನಿಂದ ಬುಡದ ತೊಗಟೆಯನ್ನು ಒಂದು ಚೂರು ಕೆರೆಯಿರಿ. ಒಳಗೆ ಹಸಿರು, ಒದ್ದೆ ಇದ್ದರೆ ಜೀವ ಇದೆ, ಎರಡನೇ ಸಲ ಚಿಗುರಬಹುದು.

ನಿಮ್ಮ ಅದೃಷ್ಟಕ್ಕೆ ಇದು ಬೋಗನ್‌ವಿಲ್ಲಾ. ಇದೂ, ಆಲ ಅತ್ತಿಯ ಜಾತಿಯವೂ ಬೋಳು ಬುಡದಿಂದಲೇ ಎದ್ದು ಬರುತ್ತವೆ. ಜೂನಿಪರ್, ಪೈನ್ ಥರದ ಸೂಜಿ ಎಲೆ ಮರಗಳು ಹಾಗಲ್ಲ, ಹಳೇ ಮಣ್ಣಿನ ಹೆಂಟೆ ಮತ್ತು ಎಳೆ ಬೇರಿನ ಜೊತೆಗೇ ತರಬೇಕು, ಹಸಿರೆಲೆಯನ್ನೂ ಸಾಕಷ್ಟು ಉಳಿಸಬೇಕು. ನಾನೊಂದು ಜೂನಿಪರ್‌ನ ಮಣ್ಣನ್ನೆಲ್ಲ ತೊಳೆದು ನೆಟ್ಟಿದ್ದೆ. ಎರಡು ತಿಂಗಳು ಹಸಿರಾಗಿಯೇ ಇತ್ತು, ನಾನು ದಿನಾ ನೋಡಿ ಸಂತೋಷಪಡುತ್ತಿದ್ದೆ. ಆಮೇಲೆ ಒಂದೇ ವಾರದಲ್ಲಿ ಕಂದಾಯಿತು. ಅಷ್ಟು ದಿನವೂ ಅದು ಸತ್ತೇ ಇತ್ತು.

ಬೇರು ಬಂದದ್ದು ಹೇಗೆ ಗೊತ್ತಾಗುತ್ತದೆ? ಎತ್ತಿ ನೋಡದೆಯೂ ಗುರುತು ಸಿಗುತ್ತದೆ. ಮೊದಲ ಚಿಗುರು ಸ್ವಲ್ಪ ದಿನ ನಿಂತುಬಿಡುತ್ತದೆ, ಆಮೇಲೆ ಇದ್ದಕ್ಕಿದ್ದ ಹಾಗೆ ಮತ್ತೆ ಉದ್ದವಾಗತೊಡಗುತ್ತದೆ, ಹೊಸ ಎಲೆ ಹಳೇದಕ್ಕಿಂತ ದೊಡ್ಡದಾಗಿ, ಹೊಳಪಾಗಿ ಬರುತ್ತದೆ. ನನಗೆ ನಂಬಿಕೆ ಇರುವುದು ಈ ಎರಡನೇ ಬೆಳವಣಿಗೆಯ ಮೇಲೆ ಮಾತ್ರ. ಕುಂಡ ಮೊದಲಿಗಿಂತ ಬೇಗ ಒಣಗಿ ಹಗುರವಾಗತೊಡಗಿದರೆ ಯಾರೋ ಒಳಗೆ ನೀರು ಕುಡಿಯುತ್ತಿದ್ದಾರೆ ಅಂತ. ಬುಡ ತಳ್ಳಿದರೆ ಮಣ್ಣೂ ಜೊತೆಗೇ ಬಿಗಿಯಾಗಿರುತ್ತದೆ. ಇದಕ್ಕೆ ಒಂದೂವರೆ ತಿಂಗಳೂ ಹಿಡಿಯಬಹುದು, ಮೂರು ತಿಂಗಳೂ ಹಿಡಿಯಬಹುದು.

ಅಲ್ಲಿಂದ ಮುಂದೆ ನಿಧಾನ. ಚೀಲಕ್ಕೆ ಮೊದಲು ಒಂದು ಮೂಲೆಯಲ್ಲಿ ತೂತು ಮಾಡಿ, ನಾಲ್ಕೈದು ದಿನ ಬಿಟ್ಟು ಇನ್ನೊಂದು, ಹೀಗೆ ಎರಡು ಮೂರು ವಾರದಲ್ಲಿ ಪೂರ್ತಿ ತೆಗೆಯಿರಿ. ಬಿಸಿಲೂ ಹಾಗೇ, ಮೊದಲು ಬೆಳಗಿನ ಒಂದು ಗಂಟೆ. ಹೊಸ ಎಲೆ ಬಲಿತ ಮೇಲೆ ತೆಳ್ಳಗೆ ಗೊಬ್ಬರ ಶುರು ಮಾಡಿ. ಕತ್ತರಿ, ಆಕಾರ ಕೊಡುವ ತಂತಿ, ಬೋನ್ಸಾಯ್ ತಟ್ಟೆ ಇವೆಲ್ಲ ಕಡಿಮೆ ಅಂದರೂ ಒಂದು ವರ್ಷ ಬೇಡ. ಮೇಲ್ಗಡೆ ಗರಗಸದಿಂದ ಕೊಯ್ದ ದೊಡ್ಡ ಗಾಯ ಇದ್ದರೆ ಅದಕ್ಕೆ ಮಾತ್ರ ಗಾಯದ ಪೇಸ್ಟ್ ಹಚ್ಚಿ, ಬೋಗನ್‌ವಿಲ್ಲಾದ ಕಟ್ಟಿಗೆ ಮೆದು, ನೀರು ಇಳಿದರೆ ಒಳಗೊಳಗೇ ಕೊಳೆಯುತ್ತದೆ.

ತೊಗಟೆ ಕೆರೆದಾಗ ಯಾವ ಬಣ್ಣ ಕಂಡಿತು, ಕುಂಡದಲ್ಲಿ ಯಾವ ಮಣ್ಣಿದೆ, ಎಷ್ಟು ಆಳ ಇದೆ ಅಂತ ಕೆಳಗೆ ಬರೆಯಿರಿ. ಮಣ್ಣು ಬದಲಿಸಬೇಕಾ ಬೇಡವಾ ಅನ್ನುವುದನ್ನು ಅದು ನೋಡಿ ಹೇಳುತ್ತೇನೆ, ಅಲ್ಲಿಯವರೆಗೆ ನೆರಳಿಗಿಟ್ಟ ಕುಂಡ ಕದಲಿಸಬೇಡಿ.