ಆಟದಂಗಳ: ನೀವು ಕೇಳಿದಿರಿ

ಪ್ರಶ್ನೆ: ಅಮೆರಿಕದ ಕಾಲೇಜು ಬಾಸ್ಕೆಟ್‌ಬಾಲ್ ತಂಡಗಳಲ್ಲಿ ವರ್ಷ ಕಳೆದರೆ ಹೊಸ ಮುಖಗಳೇ ತುಂಬಿರುತ್ತವೆ, ಏಕೆ? ನಮ್ಮ ಕಾಲೇಜು ತಂಡ ಕಟ್ಟುವಾಗ ಅದರಿಂದ ಕಲಿಯುವುದುಂಟೇ?
– ಓದುಗರೊಬ್ಬರು, ಮಂಜೇಶ್ವರ

ಉತ್ತರ: 2021ರಿಂದ ಅಲ್ಲಿ ಒಮ್ಮೆ ಕಾಲೇಜು ಬದಲಿಸಿದರೆ ಒಂದು ವರ್ಷ ಹೊರಗೆ ಕೂರಬೇಕಿಲ್ಲ, 2024ರಿಂದ, ಓದಿನಲ್ಲಿ ಅರ್ಹತೆಯಿದ್ದರೆ, ಎಷ್ಟು ಸಲ ಬದಲಿಸಿದರೂ ಅಡ್ಡಿಯಿಲ್ಲ. ಹಾಗಾಗಿ ಕೋಚ್‌ಗಳಿಗೆ ಎಳೆಯರನ್ನು ತಿದ್ದುವುದಕ್ಕಿಂತ ಪಳಗಿದವರನ್ನು ಕರೆತರುವುದೇ ಸಲೀಸು. ನಮಗದು ಹೊಂದದು.

ನಿಮ್ಮ 12 ಮಂದಿಯಲ್ಲಿ ಚೆಂಡು ಒಯ್ಯಬಲ್ಲವರು ಮೂವರಾದರೂ ಇರಲಿ. ವಾಲಿಬಾಲ್ ಆಡುವ ಎತ್ತರದ ಹುಡುಗರನ್ನೇ ತುಂಬಿದರೆ (ಕಾಸರಗೋಡಿನಲ್ಲಿ ಆ ಆಸೆ ಸಹಜ) ಜಿಗಿತವೇನೋ ಸಿಗುತ್ತದೆ, ಡ್ರಿಬಲ್ (ಚೆಂಡನ್ನು ನೆಲಕ್ಕೆ ಪುಟಿಸುತ್ತ ಸಾಗುವುದು) ಇರುವುದಿಲ್ಲ. ಎದುರಾಳಿ ಇಡೀ ಅಂಗಳದಲ್ಲಿ ಬೆನ್ನುಹತ್ತಿ ಒತ್ತಿದರೆ, ನಿಯಮದಂತೆ 8 ಸೆಕೆಂಡಿನಲ್ಲಿ ಅಂಗಳದ ಅರ್ಧಗೆರೆ ದಾಟಲಾಗದೆ ಚೆಂಡು ಕೈತಪ್ಪುತ್ತದೆ. ಐದನೇ ಫೌಲಿಗೆ ಆಟಗಾರ ಹೊರಗೆ. ಬುಟ್ಟಿಯಡಿ ಆಡುವವರಿಗೆ ಅದು ಬೇಗ ಬರುತ್ತದೆ, ಅಂಥವರು ನಾಲ್ವರಿರಲಿ. ಅಂತಿಮ ವರ್ಷದವರು ಐವರಿಗಿಂತ ಹೆಚ್ಚು ಬೇಡ, ಇಲ್ಲದಿದ್ದರೆ ಮರುವರ್ಷ ತಂಡ ಬರಿದಾಗುತ್ತದೆ.