ಪದಾರ್ಥಕ್ಕೆ ಬೆರೆಸುವ ಪುಡಿ

ಕಾಸರಗೋಡಿನ ಬದಿಯಡ್ಕ ಕಡೆಯ ಓದುಗರೊಬ್ಬರ ಪತ್ರ: “ಅಣ್ಣ ರಾತ್ರಿ ಎರಡು ಕ್ವಾರ್ಟರ್ ಕುಡಿಯುತ್ತಾನೆ. ಈಗೀಗ ಬೆಳಿಗ್ಗೆ ಕೈ ನಡುಗುತ್ತದೆಂದು ಇನ್ನೊಂದು ಪ್ಯಾಕೆಟ್. ಕುಡಿತ ಬಿಡಿಸಲು ಅವನಿಗೆ ಗೊತ್ತಾಗದ ಹಾಗೆ ಪದಾರ್ಥಕ್ಕೆ (ಸಾರು, ಪಲ್ಯಕ್ಕೆ) ಬೆರೆಸುವ ಪುಡಿ ಸಿಗುತ್ತದಂತೆ. ಮಾವ ಮಾತ್ರ ದೈವದೆದುರು ಆಣೆ ಹಾಕಿಸಿ ಮೂರು ದಿನ ಕೋಣೆಯಲ್ಲಿ ಕೂಡಿಹಾಕಿ ಅನ್ನುತ್ತಾರೆ. ಯಾವುದು ಒಳ್ಳೆಯದು?”

ಎರಡೂ ಬೇಡ ತಂಗಿ. ಮಾವನ ಮಾತನ್ನು ಪೂರ್ತಿ ತಳ್ಳಿಹಾಕುವುದಿಲ್ಲ. ದೈವದೆದುರು ಕೊಟ್ಟ ಮಾತಿಗೆ ಅಂಜಿ ಬಾಟಲಿ ಮುಟ್ಟದವರು ನಮ್ಮ ಊರುಗಳಲ್ಲಿದ್ದಾರೆ. ಆದರೆ ಆಣೆ ಮನಸ್ಸಿಗೆ ತಟ್ಟೀತು, ನರಕ್ಕೆ ತಟ್ಟುವುದಿಲ್ಲ.

180 ಮಿ.ಲೀ. ಕ್ವಾರ್ಟರಿನಲ್ಲಿ ಶೇ. 42.8 ಆಲ್ಕೋಹಾಲ್, ಅಂದರೆ ಸುಮಾರು 60 ಗ್ರಾಂ. ಎರಡಕ್ಕೆ 120. ಪಿತ್ತಜನಕಾಂಗ ಗಂಟೆಗೆ ಕರಗಿಸುವುದು ಹೆಚ್ಚುಕಡಿಮೆ 7ರಿಂದ 10 ಗ್ರಾಂ. ರಾತ್ರಿ ಒಂಬತ್ತಕ್ಕೆ ಕುಡಿದದ್ದು ಮರುದಿನ ಗಂಜಿ ಉಣ್ಣುವ ಹೊತ್ತಿಗೂ ರಕ್ತದಲ್ಲಿ ಉಳಿದಿರಬಹುದು. ಅದರ ಮೇಲೆ ಈ ಪುಡಿ! ಇಂಥ ಪುಡಿಗಳಲ್ಲಿ ಏನಿದೆಯೆಂದು ಮಾರುವವನೂ ಹೇಳುವುದಿಲ್ಲ. ಕುಡಿತ ಬಿಡಿಸಲು ಕೊಡುವ ಡೈಸಲ್ಫಿರಾಮ್ ಮಾತ್ರೆ ಅರೆದದ್ದಾದರೆ ಅದು ಮದ್ಯದ ಜೀರ್ಣವನ್ನು ಅರ್ಧದಲ್ಲೇ ತಡೆದು ಅಸಿಟಾಲ್ಡಿಹೈಡ್ ಎಂಬ ವಿಷವನ್ನು ಮೈಯಲ್ಲಿ ಉಳಿಸುತ್ತದೆ. ಮುಖ ಕೆಂಪೇರಿ, ವಾಂತಿಯಾಗಿ, ರಕ್ತದೊತ್ತಡ ಕುಸಿಯುತ್ತದೆ. ಹೃದಯ ದುರ್ಬಲವಿದ್ದವನು ಸತ್ತೇ ಹೋದಾನು. ಕೊನೆಯ ಗುಟುಕಿನ ನಂತರ ಕನಿಷ್ಠ 12 ಗಂಟೆ ಬಿಟ್ಟು, ಅವನ ಒಪ್ಪಿಗೆ ಪಡೆದು, ಪಿತ್ತಜನಕಾಂಗ, ಹೃದಯ ನೋಡಿಯೇ ಡಾಕ್ಟರು ಕೊಡುವ ಮಾತ್ರೆ ಅದು. ಮಾತ್ರೆ ನಿಲ್ಲಿಸಿದ ಎರಡು ವಾರದವರೆಗೂ ಕುಡಿದರೆ ಕಾಡುತ್ತದೆ. ನಡುವೆ ಕೆಮ್ಮಿನ ಟಾನಿಕ್ಕೋ ದಶಮೂಲಾರಿಷ್ಟವೋ ಹೊಟ್ಟೆಗೆ ಹೋದರೂ ಸಾಕು. ಅರಿಷ್ಟದಲ್ಲೂ ಆಲ್ಕೋಹಾಲ್ ಇದೆಯೆಂಬುದು ನಮ್ಮಲ್ಲಿ ಎಷ್ಟು ಮನೆಗೆ ಗೊತ್ತು?

ಇನ್ನು ಮಾವನ ಮೂರು ದಿನ. ವರ್ಷಗಟ್ಟಲೆ ಮದ್ಯ ಮಿದುಳನ್ನು ಅದುಮಿರುತ್ತದೆ, ಮಿದುಳು ಅದಕ್ಕೆದುರಾಗಿ ಸೆಟೆದು ನಿಂತಿರುತ್ತದೆ. ಅದುಮಿದ ಕೈ ತಟ್ಟನೆ ತೆಗೆದರೆ ಆರೆಂಟು ಗಂಟೆಗೆ ನಡುಕ, ಬೆವರು. ಮೊದಲ ಎರಡು ದಿನದೊಳಗೆ ಅಪಸ್ಮಾರ ಬರಬಹುದು. ಎರಡರಿಂದ ನಾಲ್ಕನೆಯ ದಿನದ ನಡುವೆ ಸನ್ನಿ. ಗೋಡೆಯಲ್ಲಿ ಇರುವೆ ಸಾಲು ಕಾಣುತ್ತದೆ, ಇಲ್ಲದವರು ಕರೆಯುತ್ತಾರೆ. ಮಾವನ ಗಡುವು ಸರಿಯಾಗಿ ಅಲ್ಲಿಗೇ ಬಂದು ಬೀಳುತ್ತದೆ. ಆಗ ‘ದೆವ್ವದ ಸೋಂಕು’ ಎಂದು ಮಂತ್ರವಾದಿಗೆ ಹೇಳಿಕಳಿಸಿದರೆ ಮುಗಿಯಿತು. ಬೆಳಿಗ್ಗೆಯೇ ನಡುಗುವವನನ್ನು ಮನೆಯಲ್ಲಿ ಬಿಡಿಸಬಾರದು. ಆಸ್ಪತ್ರೆಯಲ್ಲಿ ನಡುಕ, ಅಪಸ್ಮಾರ ತಡೆಯುವ ಕ್ಲೋರ್‌ಡಯಾಜೆಪಾಕ್ಸೈಡಿನಂಥ ಮಾತ್ರೆಯನ್ನು ದಿನದಿನಕ್ಕೆ ಇಳಿಸುತ್ತ ಕೊಡುತ್ತಾರೆ, ಜೊತೆಗೆ ಥಯಾಮಿನ್, ಅಂದರೆ ಬಿ1 ವಿಟಮಿನ್. ಊರಿನ ಕ್ಲಿನಿಕ್ಕಿನಲ್ಲಿ ‘ನಿತ್ರಾಣ’ ಎಂದು ಗ್ಲೂಕೋಸ್ ಏರಿಸುವ ಮೊದಲು ಥಯಾಮಿನ್ ಕೊಟ್ಟಿರಾ ಎಂದು ಕೇಳಿ. ಅದು ತಪ್ಪಿದರೆ ನೆನಪುಶಕ್ತಿಗೇ ಏಟು ಬೀಳಬಹುದು.

ನಿಮ್ಮನ್ನೂ ಸ್ವಲ್ಪ ಗದರಬೇಕಾಗಿದೆ. ತೋಟದ ಧನಿಗಳಿಗೆ “ಅವನಿಗೆ ಜ್ವರ” ಎಂದು ಅಮ್ಮ ಫೋನ್ ಮಾಡಿದ್ದು, ಅಂಗಡಿಯ ಸಾಲವನ್ನು ನೀವೇ ತೀರಿಸಿದ್ದು, ಎರಡನ್ನೂ ಮಮತೆಯೆಂದೇ ಬರೆದಿದ್ದೀರಿ. ಕುಡಿತದ ಬಿಲ್ಲು ಕುಡಿದವನ ಕೈಗೆ ಬಾರದ ಮನೆಯಲ್ಲಿ ಅವನೇಕೆ ಬಿಡಬೇಕು? ಬಿಲ್ಲು ಬೇರೆಯವರಿಗೆ ಹೋಗುತ್ತಿದೆ. ಅಣ್ಣನ ಮಗಳು ಶಾಲೆಯಿಂದ ಬಂದವಳೇ ಜಗಲಿಯಲ್ಲಿ ಅಪ್ಪನ ಚಪ್ಪಲಿ ಇದೆಯೇ ಎಂದು ನೋಡುತ್ತಾಳೆಂದು ಪತ್ರದ ಮೂಲೆಯಲ್ಲಿ ಬರೆದಿರಲ್ಲ, ಅದೇ ಮೊದಲ ಸಾಲಾಗಬೇಕಿತ್ತು.

ಕೇರಳ 1996ರಲ್ಲಿ ಸಾರಾಯಿ ನಿಲ್ಲಿಸಿತು, ಕರ್ನಾಟಕ 2007ರಲ್ಲಿ. ಗಡಿ ದಾಟುವ ಮದ್ಯದ ಟೆಟ್ರಾ ಪ್ಯಾಕೆಟ್ಟಿಗೆ ಎರಡೂ ರಾಜ್ಯ ಒಂದೇ. ನಮ್ಮ ಅಡಿಕೆ ತೋಟದ ಕಣಿಯಲ್ಲಿ ಬಿದ್ದಿರುವುದು ಕನ್ನಡ ಅಕ್ಷರದ ಪ್ಯಾಕೆಟ್ಟು, ಬಿಡಿಸಲು ಕರೆಯುವ ಫಲಕ ಮಲಯಾಳದ್ದು! ಕಾಸರಗೋಡು ಕೇರಳಕ್ಕೆ ಸೇರಿದ 1956ರಿಂದ ಶಾಲೆಗೆ, ಕಚೇರಿಗೆ ಕನ್ನಡ ಕೇಳುತ್ತಲೇ ಬಂದೆವು. ಆಪ್ತಸಮಾಲೋಚನೆಗೆ ಕೇಳಿದವರು ಕಡಿಮೆ. ತಾನು ಹೆಂಡತಿಗೆ ಹೊಡೆದೆನೆಂದು ಒಬ್ಬ ಗಂಡಸು ಒಪ್ಪಿಕೊಳ್ಳುವುದಿದ್ದರೆ ಅದು ತಡವರಿಸುವ ಭಾಷೆಯಲ್ಲಿ ಆಗುವ ಕೆಲಸವಲ್ಲ.

ಮಾನಸಿಕ ಆರೋಗ್ಯದ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬೇಕೆಂದು ಮೊದಲೇ ಹೇಳಿ. ವ್ಯಸನಮುಕ್ತಿಗೆಂದೇ ಇರುವ ಸಂಖ್ಯೆ 14446. ಆಸ್ಪತ್ರೆಗೆ ಹೋಗುವಾಗ ದಿನಕ್ಕೆಷ್ಟು, ಕೊನೆಯ ಬಾರಿ ಕುಡಿದದ್ದು ಎಷ್ಟು ಗಂಟೆಗೆ, ಹಿಂದೆ ಅಪಸ್ಮಾರ ಬಂದಿತ್ತೇ, ಬೇರೆ ಯಾವ ಮದ್ದಿದೆ, ಇವನ್ನು ಚೀಟಿಯಲ್ಲಿ ಬರೆದುಕೊಳ್ಳಿ. ಆ ಪುಡಿ ಈಗಾಗಲೇ ಮನೆಗೆ ಬಂದಿದ್ದರೆ ಪೊಟ್ಟಣವನ್ನೂ ಕೊಂಡುಹೋಗಿ ಡಾಕ್ಟರಿಗೆ ತೋರಿಸಿ.

– ಸಂ.